ದೋಣಿಯವನ ಮುಖ

ಸಮುದ್ರ ಈಜು ಸ್ಪರ್ಧೆಯ ಕಾರ್ಯದರ್ಶಿಯವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಹದಿನಾಲ್ಕು ವರ್ಷ ಈ ಸ್ಪರ್ಧೆಯಲ್ಲಿ ನಾನು ದೋಣಿ ನಡೆಸಿದ್ದು ಈಜುತ್ತಿದ್ದ ನನ್ನ ಹೆಂಡತಿಯ ಜೊತೆಗೆ ಮಾತ್ರ. ಅವಳು ತೀರಿಕೊಂಡು ಏಳು ತಿಂಗಳಾಯಿತು. ಉಸಿರಿಗಾಗಿ ತಲೆ ಎತ್ತಿದಾಗಲೆಲ್ಲ ಅವಳಿಗೆ ಕಾಣುತ್ತಿದ್ದದ್ದು ನನ್ನ ಮುಖವೊಂದೇ. ಅದು ಬಾಡಿದರೆ, "ಯಾಕ್ರೀ ಹರಳೆಣ್ಣೆ ಕುಡಿದ ಮುಖ? ನಾನೇನು ಮುಳುಗ್ತಾ ಇದೀನಾ?" ಎಂದು ನೀರಿನಿಂದಲೇ ಗದರುತ್ತಿದ್ದಳು.

ಜೊತೆಗೆ ದೋಣಿಯಿಲ್ಲದೆ ಯಾರನ್ನೂ ಈಜಲು ಬಿಡುವುದಿಲ್ಲ, ಪರದೇಶದಿಂದ ಬರುವ ಹುಡುಗಿಗೆ ಇನ್ನೂ ದೋಣಿ ಸಿಕ್ಕಿಲ್ಲ ಎಂದಿದ್ದೀರಿ. ಅಷ್ಟು ದೂರದಿಂದ ಬಂದವಳು ದಡದಲ್ಲಿ ಕೂರಬಾರದು. ನಾನು ಬರುತ್ತೇನೆ.

ಒಂದು ಉಪಕಾರ ಮಾಡಿ. ದಾರಿಯಲ್ಲಿ ನನ್ನ ಕಣ್ಣು ತುಂಬಿದರೆ, ತಾನು ಹಿಂದೆ ಬಿದ್ದೆನೆಂದುಕೊಂಡು ಆಕೆ ಕೈಸೋಲಬಾರದು. ಅವಳ ಭಾಷೆ ನನಗೆ ಬಾರದು. ಆ ಕಣ್ಣೀರು ಅವಳ ಈಜಿನಿಂದಲ್ಲ ಎಂದು ನೀವೇ ಮೊದಲು ಹೇಳಿಬಿಡಿ.

ಇಂತಿ,
ನಿಮ್ಮ ಹಳೆಯ ದೋಣಿಯವ