ಒಳ್ಳೇದು

2 ನವೆಂಬರ್ 1958
ಕಾಫಿ, ಪೇಪರ್, ಶೇವ್. ಜಯನಗರಕ್ಕೆ ಬಂದು ಐದು ತಿಂಗಳು. ಮನೆ ಕಟ್ಟಿ ಉಳಿದ ಕಲ್ಲಿನ ಗುಡ್ಡೆ ಇನ್ನೂ ಹಿತ್ತಲಲ್ಲೇ. ಮಗಳು ಜಯಶೀಲಾಗೆ ಅದೇ ಆಟದ ಅಡುಗೆಮನೆ. ಆರು ವರ್ಷ.

ಹಾಲಿನ ಅಕ್ಕಯಮ್ಮ ತಂಬಿಗೆ ಇಳಿಸಿ ಗುಡ್ಡೆಯ ಕಡೆಗೇ ನೋಡುತ್ತ ನಿಂತಳು. ಈ ಸೈಟುಗಳೆಲ್ಲ ಮೊದಲು ಅವಳ ಮಾವನ ರಾಗಿ ಹೊಲ.

"ಕಲ್ಲೊಳಗೆ ಒಳ್ಳೇದು ಸೇರ್ಕಂಡೈತೆ ಸಾರ್. ಕೈ ಮುಗಿದೆ, ಒಳಕ್ಕೋಯ್ತು."

"ಹಾವಾ?"

"ಆ ಮಾತ್ಯಾಕೆ, ಬುಡಿ. ಒಳ್ಳೇದು."

ನಮ್ಮ ದಾವಣಗೆರೆ ಕಡೆ ಒಳ್ಳೆ ಎಂದರೆ ನೀರುಹಾವು. ವಿಷವಿಲ್ಲ. ಹೆಂಡತಿ ಕಮಲಾದೇವಿಗೆ ಹಾಗೇ ಹೇಳಿದೆ.

"ನೀರುಹಾವಿಗೆ ನಮ್ಮ ಹಿತ್ತಲಲ್ಲೇನು ಕೆಲಸ? ನಲ್ಲೀಲೇ ನೀರಿಲ್ಲ" ಎಂದಳು.

9 ನವೆಂಬರ್
ನಲ್ಲಿಯ ಮಾತು ವಾರವಿಡೀ ತಲೆಯಲ್ಲಿ. ಆದರೂ ಕಲ್ಲು ಸಾಗಿಸಲು ಆಳಿಗೆ ಹೇಳಿಲ್ಲ. ಹೇಳಿದರೆ ಹೆದರಿದೆ ಎಂದು ಒಪ್ಪಿಕೊಂಡಂತೆ... ಮ್ಯೂಸಿಯಂನಲ್ಲಿ ಜಾಡಿಗಳಲ್ಲಿ ಹಾವು ಇಟ್ಟಿದ್ದಾರಂತೆ. ಒಮ್ಮೆ ನೋಡಿಬಿಟ್ಟರೆ ಮುಗಿಯಿತು.

16 ನವೆಂಬರ್, ಮಧ್ಯಾಹ್ನ 3.40, ಬಸ್ ಸ್ಟಾಪ್
ಬಸ್ಸಿಲ್ಲ. ಸುಮ್ಮನೆ ನಿಲ್ಲಲಾಗುತ್ತಿಲ್ಲ. ಬರೆಯುತ್ತಿದ್ದೇನೆ.

ಜಯಶೀಲಾ ತಾನೂ ಬರುತ್ತೇನೆಂದು ಅತ್ತಳು. ಸತ್ತ ಪ್ರಾಣಿಗಳು, ಹೆದರುತ್ತೀಯ ಎಂದೆ. ಹಿತ್ತಲಲ್ಲಿ ಆಡಿಕೋ ಎಂದೆ — ನಾನೇ.

ಮ್ಯೂಸಿಯಂ ತೋಟದಲ್ಲಿ ಕಾಬಾಳೆ ಹೂ. ಹುಲ್ಲಿನ ಮೇಲೆ ಕಡಲೆಕಾಯಿ ಸಿಪ್ಪೆ. ಒಳಗೆ ಔಷಧಿ ವಾಸನೆ, ಹುಲಿಯ ಗಾಜಿನ ಕಣ್ಣು. ಕೊನೆಗೆ ಹಾವುಗಳ ಸಾಲು. 'ನೀರುಹಾವು' ಎಂದು ಚೀಟಿ ಅಂಟಿಸಿದ ಜಾಡಿ ತೋರಿಸಿ ಅಲ್ಲಿನ ಕಾವಲುಗಾರನನ್ನು ಕೇಳಿದೆ. ಬೈರಣ್ಣ, ನಮ್ಮ ಮನೆ ಹತ್ತಿರದ ಸಾರಕ್ಕಿ ಹಳ್ಳಿಯವನು.

"ಒಳ್ಳೇದು ಅನ್ನೋದು ಇದನ್ನೇ ತಾನೆ?"

ನಕ್ಕ. "ಅದು ಕಪ್ಪೆ ತಿನ್ಕಂಡಿರೋ ಬಡಪಾಯಿ ಸಾರ್. ಒಳ್ಳೇದು ಇಲ್ಲೈತೆ ನೋಡಿ."

ಪಕ್ಕದ ಜಾಡಿ. ಅಂಗೈಯಗಲ ಹೆಡೆ.

"ಹೆಸರೇಳಿದ್ರೆ ಬತ್ತದೆ ಅಂತ ನಮ್ಮೋರು ಒಳ್ಳೇದು ಅಂತಾರೆ. ಯಾಕ್ಸಾರ್? ಕುಂತ್ಕಳಿ."

ಬಸ್ ಬಂತು.

ಸಂಜೆ 5.15, ಮನೆ
ಜಯಶೀಲಾ ಗುಡ್ಡೆಯ ಮೇಲೆ ಕೂತಿದ್ದಳು. ಎರಡೂ ಕಾಲು ಕಲ್ಲಿನ ಸಂದಿಗೆ ಇಳಿಬಿಟ್ಟು. ಕೂಗಲಿಲ್ಲ — ಕೂಗಿದರೆ ಕಾಲು ಅಲುಗುತ್ತದೆ. ಚಪ್ಪಲಿ ಬಿಟ್ಟು, ಮೆಲ್ಲಗೆ ನಡೆದು, ಎತ್ತಿಕೊಂಡೆ. ಪಾದ, ಬೆರಳು, ಹಿಮ್ಮಡಿ ತಿರುಗಿಸಿ ನೋಡಿದೆ. ಏನೂ ಇಲ್ಲ. ಮತ್ತೆ ನೋಡಿದೆ.

ಕಮಲಾದೇವಿ ಬಾಗಿಲಲ್ಲಿ. ನನ್ನ ಮುಖ ನೋಡಿದಳು. ನಲ್ಲಿಯ ಮಾತು ಎತ್ತಲಿಲ್ಲ.

ಕಲ್ಲು ಸಾಗಿಸಲು ನಾಳೆ ಆಳುಗಳು ಬರುತ್ತಾರೆ. ಯಾವ ಕಲ್ಲಿನ ಕೆಳಗಿದೆಯೋ. ಅವರಿಗೂ ಹೇಳಬೇಕು.

"ಅಪ್ಪ, ಅಲ್ಲಿ ಹಾವಿದೆಯಾ?"

"ಇದೆ."

"ಯಾವ ಹಾವು?"

ಹೆಸರು ಬಾಯಿಗೆ ಬಂದಿತ್ತು. ಆದರೆ ಹಿತ್ತಲ ಕಿಟಕಿ ತೆರೆದಿತ್ತು. ಈಗಲೂ ತೆರೆದಿದೆ. ಈ ಡೈರಿಯಲ್ಲಾದರೂ ಆ ಹೆಸರು ಬರೆಯೋಣವೆಂದರೆ — ಒಳ್ಳೇದು.