ದಿನಕ್ಕೆ ಒಂದೇ ಲೀಟರ್

ಮಾರ್ಚ್ ೩, ಸಂಜೆ

ಮತ್ತೆ ಅದೇ. ಕಿಟಕಿ ಪಕ್ಕದ ಬೆಡ್‌ನ ದಿಂಬಿನ ಕೆಳಗೆ ನೀರಿನ ಬಾಟಲಿ. ನಿನ್ನೆ ಕಿತ್ತುಕೊಂಡದ್ದು ಬೇರೆ, ಇದು ಬೇರೆ. ನಾನು ಚಾಪೆ ಕೆಳಗೆ ತೂರಿದರೆ ಗಂಡ-ಹೆಂಡತಿ ಇಬ್ಬರೂ ರಂಗೋಲಿ ಕೆಳಗೆ ತೂರುತ್ತಾರೆ.

ಆಸಾಮಿ ಟೈಲರ್. ಬೆನ್ನ ಹಿಂದೆ ನಾವೆಲ್ಲ ಇಂಚುಟೇಪು ಅನ್ನುತ್ತೇವೆ. ಹೃದಯ ಸೋತಿದೆ, ಕಾಲು ಊದಿದೆ, ರಕ್ತದಲ್ಲಿ ಸೋಡಿಯಂ ೧೨೫. ಇರಬೇಕಾದ್ದು ೧೩೫ರ ಮೇಲೆ. ದಿನಕ್ಕೆ ಒಂದೇ ಲೀಟರ್ ಎಂದು ಡಾಕ್ಟರ್ ಬರೆದಿದ್ದಾರೆ — ಚಹಾ, ಸೂಪು, ಮಾತ್ರೆ ನುಂಗುವ ಗುಟುಕು, ಎಲ್ಲಾ ಸೇರಿ. ಮಂಚದ ತಲೆಗೆ ದೊಡ್ಡ ಬೋರ್ಡು ಬರೆದು ಹಾಕಿದೆ. ಅಕ್ಷರ ಸೊಟ್ಟಗಿದೆಯಂತೆ. ಹೊದಿಕೆಯ ಅಂಚು ಬಿಚ್ಚಿದೆಯಂತೆ. ನನ್ನ ಯೂನಿಫಾರಂನ ಎಡತೋಳು ಬಲತೋಳಿಗಿಂತ ಅರ್ಧ ಇಂಚು ಉದ್ದವಂತೆ. "ಯಾರಮ್ಮಾ ಇದನ್ನ ಹೊಲಿದಿದ್ದು? ಅವನನ್ನ ಒಳಗೆ ಹಾಕ್ಬೇಕು."

ಮನೆಗೆ ಬಂದು ಅಳೆದೆ. ಹೌದು, ಉದ್ದವಿದೆ. ಅದಕ್ಕೇ ಇನ್ನೂ ಕೋಪ.

ಮಾರ್ಚ್ ೪

ಹೆಂಡತಿಯನ್ನು ಕಾರಿಡಾರಿಗೆ ಕರೆದು ಕೂರಿಸಿ ಹೇಳಿದೆ. ಮೈಯಲ್ಲಿ ನೀರು ಹೆಚ್ಚಾಗಿ ಉಪ್ಪಿನಂಶ ತೆಳ್ಳಗಾಗಿದೆ, ಇನ್ನೂ ತೆಳ್ಳಗಾದರೆ ಮೆದುಳು ಊದಿಕೊಳ್ಳುತ್ತದೆ, ಫಿಟ್ಸ್ ಬರುತ್ತದೆ, ಪ್ರಾಣಕ್ಕೇ ಸಂಚಕಾರ. ಎಲ್ಲಕ್ಕೂ ತಲೆಯಾಡಿಸಿದರು. ಅರ್ಥವಾಯಿತಲ್ಲ ಎಂದು ನಾನು ಏಳುವಷ್ಟರಲ್ಲಿ —

"ಬಾಯಾರಿಕೆ ಅಂದವರಿಗೆ ನೀರಿಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ ಸಿಸ್ಟರ್. ದಾರೀಲಿ ಹೋಗೋರಿಗೂ ಅಂದಿಲ್ಲ. ಕಟ್ಟಿಕೊಂಡವರಿಗೆ ಹೇಗೆ ಅನ್ಲಿ?"

ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಬಾಯಿ ಒಣಗಿದರೆ ಒದ್ದೆ ಹತ್ತಿ ಇದೆ, ಐಸ್ ಚೂರು ಇದೆ, ನೀರು ಮುಕ್ಕಳಿಸಿ ಉಗುಳಬಹುದು ಎಂದು ಇಂಚುಟೇಪಿಗೂ ತೋರಿಸಿಕೊಟ್ಟೆ. ಮುಕ್ಕಳಿಸಿದರು. ಉಗುಳಲಿಲ್ಲ.

ಸಂಜೆ ಅಳಿಯ ಬಂದ. ಜಗತ್ತಿನ ಎಲ್ಲ ಅಳಿಯಂದಿರ ಹಾಗೆ ಎಲ್ಲಾ ಬಲ್ಲವನು. ಉಪ್ಪು ಕಮ್ಮಿ ಅಂದರೆ ಎರಡು ಚಮಚ ತಿನ್ನಿಸಿ, ಮುಗೀತಲ್ಲ ಅಂದ. ಹೃದಯ ಸೋತವರಿಗೆ ಉಪ್ಪು ತಿನ್ನಿಸಿದರೆ ಇನ್ನಷ್ಟು ನೀರು ಹಿಡಿಯುತ್ತದೆ ಮಹಾರಾಯ ಎಂದು ಹೇಳುವಷ್ಟರಲ್ಲಿ ಅವನಿಗೆ ಫೋನ್ ಬಂತು. ಹೋದ.

ಮಾರ್ಚ್ ೬

ಬೆಳಿಗ್ಗೆಯಿಂದ ತಲೆನೋವಂತೆ. ನನಗೂ ಇದೆ, ಇವರಿಂದಲೇ. ತಿಂಡಿ ಬೇಡವಂತೆ, ವಾಕರಿಕೆಯಂತೆ. ಜೊತೆಗೆ ಪರದೆ ಗಿಡ್ಡವಾಯಿತು, ಫ್ಯಾನು ಕಿರುಗುಟ್ಟುತ್ತದೆ, ಪಕ್ಕದ ಬೆಡ್ಡಿನವನ ಕೆಮ್ಮಿಗೆ ತಾಳವಿಲ್ಲ... ಹತ್ತು ದೂರಿನ ನಡುವೆ ಒಂದು ನಿಜದ ದೂರು ಹುಡುಕುವುದರಲ್ಲಿ ಸಾಕುಸಾಕಾಯಿತು. ಡ್ಯೂಟಿ ಡಾಕ್ಟರಿಗೆ ಹೇಳಿದೆ. ನಾಳೆ ಬೆಳಿಗ್ಗೆ ಮತ್ತೆ ರಕ್ತ ಕಳಿಸಿ ಎಂದರು.

ಕಸದ ಬುಟ್ಟಿಯ ಹಿಂದೆ ಇನ್ನೊಂದು ಬಾಟಲಿ. ಖಾಲಿ.

ಮಾರ್ಚ್ ೭, ಸಂಜೆ

ಅಬ್ಬಾ. ಎಂಥ ದಿನ. ಇಂಚುಟೇಪಿನ ಬಾಯಿ ಬಂದ್! ಬಿ.ಪಿ. ನೋಡಲು ಹೋದೆ, ಸುಮ್ಮನೆ ಕೈ ಚಾಚಿದರು. ಹಾಸಿಗೆ ಬದಲಿಸಿದೆ, ಅಂಚಿನ ಮಾತಿಲ್ಲ. ಸೂಜಿ ಚುಚ್ಚಿದರೂ "ಆಗ್ಲಮ್ಮಾ" ಅಂದರು. ಬುದ್ಧಿ ಬಂತಲ್ಲ ಸದ್ಯ, ಅಂದುಕೊಂಡೆ. ಹೆಂಡತಿಗೂ ಸಂತೋಷ, ಮಂಚದ ಪಕ್ಕ ಕೂತು ತೂಕಡಿಸುತ್ತಿದ್ದರು. ರಕ್ತದ ರಿಪೋರ್ಟ್ ಬಂದಿರಲಿಲ್ಲ, ಲ್ಯಾಬಿನ ಮೆಷಿನ್ ಕೆಟ್ಟಿತ್ತು. ಬೇರೆ ದಿನವಾಗಿದ್ದರೆ ಲ್ಯಾಬಿನವರ ಜೀವ ತಿನ್ನುತ್ತಿದ್ದೆ. ಇವತ್ತು ಬಿಟ್ಟೆ. ಶಾಂತವಾಗಿದ್ದಾರೆ, ಯಾವ ದೂರೂ ಇಲ್ಲ ಎಂದು ಮುಂದಿನ ಶಿಫ್ಟಿನವಳಿಗೆ ಒಪ್ಪಿಸಿ ಬಂದೆ.

ಅಂಗಿಯ ಗುಂಡಿ ಮಾತ್ರ ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು. ಒಂದು ಕಡೆ ಕಾಲರ್ ಕಿವಿಗೆ, ಇನ್ನೊಂದು ಕಡೆ ಜೋತು. ನನಗೆ ನಗು. ತಗ್ಗಿ ನೋಡಿಕೊಂಡರು, ನೋಡಿ ಹಾಗೇ ಬಿಟ್ಟರು...

ಹಾಗೇ ಬಿಟ್ಟರು.

ಅಯ್ಯೋ ಮಂಕೇ. ಟೈಲರ್ ಕಣೇ ಅವರು. ನನ್ನ ಅರ್ಧ ಇಂಚು ಸಹಿಸದ ಮನುಷ್ಯ —

ವಾರ್ಡಿಗೆ ಫೋನ್ ಮಾಡಬೇಕು, ಈಗಲೇ

ಮಾರ್ಚ್ ೧೦

ಈಗ ಕೂತು ಬರೆಯಲು ಆಗುತ್ತಿದೆ.

ಫೋನೆತ್ತಿದವಳಿಗೆ ಹೇಳಿದೆ: ಹೋಗಿ ಹೆಸರು ಕೇಳು, ಎಲ್ಲಿದ್ದೀರಿ ಅಂತ ಕೇಳು. ಹೆಸರು ಹೇಳಿದರಂತೆ. ಎಲ್ಲಿದ್ದೀರಿ ಅಂದರೆ ಅಂಗಡಿಯಲ್ಲಿ, ಗಿರಾಕಿ ಕಾಯುತ್ತಿದ್ದಾರೆ ಅಂದರಂತೆ. ಡಾಕ್ಟರನ್ನು ಕರೆಯುವಷ್ಟರಲ್ಲಿ ರಿಪೋರ್ಟೂ ಬಂತು. ಸೋಡಿಯಂ ೧೧೨. ನಾನು ಆಟೋದಲ್ಲಿ ತಲುಪಿದಾಗ ಫಿಟ್ಸ್ ಬಂದು ಹೋಗಿತ್ತು. ಐಸಿಯುಗೆ ಸಾಗಿಸುತ್ತಿದ್ದರು.

ಆವತ್ತಿನಿಂದ ಎಚ್ಚರವಿಲ್ಲ. ಮೊದಲು ಫಿಟ್ಸ್ ತಡೆಯಲು ಗಟ್ಟಿ ಉಪ್ಪುನೀರಿನ ಡ್ರಿಪ್ ಸ್ವಲ್ಪ, ಆಮೇಲೆ ಬರೀ ಕಾಯುವುದು, ಮತ್ತೆ ಮತ್ತೆ ರಕ್ತ ನೋಡುವುದು. ಇವತ್ತು ೧೨೨. ಅಳಿಯ ಐಸಿಯು ಬಾಗಿಲಲ್ಲಿ ಕೂಗಾಡುತ್ತಾನೆ — ಇಷ್ಟು ನಿಧಾನ ಯಾಕೆ, ಒಂದೇ ಸಲ ಏರಿಸಿ, ಕಾಸು ನೋಡಬೇಡಿ. ಅವಸರದಲ್ಲಿ ಏರಿಸಿದರೆ ಮೆದುಳಿಗೇ ಪೆಟ್ಟು, ಆಮೇಲೆ ಮಾತೂ ಇಲ್ಲ, ಏಳುವುದೂ ಇಲ್ಲ ಎಂದು ಮೂರು ಸಲ ಹೇಳಿದೆ. ನಾಲ್ಕನೇ ಸಲ ಹೇಳಲು ನನ್ನಲ್ಲಿ ತ್ರಾಣವಿರಲಿಲ್ಲ. ಹೋಗಿ ಕೂತ್ಕೊಳ್ಳಿ ಎಂದು ಗದರಿಬಿಟ್ಟೆ. ಕೂತ.

ಹೆಂಡತಿಗೆ ಎಂದು ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ಆವತ್ತು ಕೇಳಿದಾಗೆಲ್ಲ ಕೊಟ್ಟೆ ಸಿಸ್ಟರ್. ಕುಡಿದು ಸುಮ್ಮನಾದ್ರಲ್ಲ, ತಣಿದ್ರು ಅಂದ್ಕೊಂಡೆ."

ನಾನೂ ಹಾಗೇ ಅಂದುಕೊಂಡೆ ಅಮ್ಮಾ, ಅಂದೆ. ನಾನು ಇಷ್ಟು ವರ್ಷ ಓದಿ, ದುಡಿದು, ಹೊಸಬರಿಗೆ ಪಾಠ ಮಾಡುವವಳು. ನನಗೆ ಬೇಕಾದದ್ದು ನಿಶ್ಶಬ್ದ, ಸಿಕ್ಕಿತು, ತೆಗೆದುಕೊಂಡೆ. ನನ್ನ ಮೇಲೆ ಬಂದಷ್ಟು ಸಿಟ್ಟು ಈ ವಾರ ಇನ್ಯಾರ ಮೇಲೂ ಬಂದಿಲ್ಲ.

ಮಾರ್ಚ್ ೧೩

೧೨೮. ಡ್ಯೂಟಿ ಮುಗಿಸಿ ಐಸಿಯುಗೆ ಹೋದೆ. ಹೆಂಡತಿ ಪಕ್ಕದಲ್ಲೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ರೆಪ್ಪೆ ಅಲುಗಿತು. ಕಣ್ಣು ಬಿಟ್ಟರು. ಹೆಂಡತಿಯನ್ನು ಗುರುತು ಹಿಡಿದರು, ನೋಡಿದರೇ ಗೊತ್ತಾಗುತ್ತಿತ್ತು. ಒಣಗಿದ ತುಟಿ ಬಿಡಿಸಿಕೊಂಡು ಮೊದಲ ಮಾತು:

"ನೀರು."

ಮೇಜಿನ ಮೇಲೆ ಲೋಟವಿತ್ತು. ಆಕೆಯ ಕೈ ತಾನಾಗಿ ಅತ್ತ ಹೋಯಿತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆ ಕೈ ನಿಂತಿತು, ಹಿಂದೆ ಬಂತು, ಗಂಡನ ಕೈ ಹಿಡಿಯಿತು.

"ಇಲ್ಲ ರೀ."

ಅವರು ಮತ್ತೆ ಕೇಳಿದರು. ಈ ಸಲ ಹೆಂಡತಿಯ ಹೆಸರು ಹಿಡಿದು.

"ಇಲ್ಲ. ಕೊಡಲ್ಲ."

ಆ ಮಾತನ್ನು ಆಕೆಯ ಬಾಯಿಂದ ಹೊರಡಿಸಲು ಎಷ್ಟು ಗಂಟಲು ಹರಿದುಕೊಂಡಿದ್ದೆ. ಬಂತು. ಕಣ್ಣು, ಮೂಗು ಎಲ್ಲಾ ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಗಂಡನ ಕೈ ಬಿಡಲಿಲ್ಲ. ನನಗೆ ನೋಡಲಾಗಲಿಲ್ಲ. ಹತ್ತಿ ಒದ್ದೆ ಮಾಡಿ ಆಕೆಯ ಕೈಗೇ ಕೊಟ್ಟೆ. ತುಟಿಗೆ ಒತ್ತಿದರು. ಅವರು ಅದನ್ನೇ ಚೀಪಿ, ಇನ್ನೂ ಬೇಕು ಎಂದು ಹೆಂಡತಿಯ ಮುಖ ನೋಡಿದರು. ಆಕೆ ಮತ್ತೆ ಇಲ್ಲ ಅಂದರು. ನನ್ನ ಕಡೆ ತಿರುಗಿ, ಸರಿಯಾಗಿ ಹೇಳಿದೆನಾ ಸಿಸ್ಟರ್ ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿ, ಇನ್ನೊಂದು ಹತ್ತಿ ಒದ್ದೆ ಮಾಡಿ ಆಕೆಯ ಕೈಗಿಟ್ಟೆ.