ರಿಟರ್ನ್ಸ್ ತುಂಬಿದ್ದಕ್ಕೆ ಹೋದ ಕಾರ್ಡು

ಅಕ್ಟೋಬರ್ ೧೪, ಮಂಗಳವಾರ. ಬನಹಟ್ಟಿ.

ನಮ್ಮ ಬಿಪಿಎಲ್ ಕಾರ್ಡು ರದ್ದಾಗಿದೆ. ರೇಷನ್ ತರಲು ಹೋದ ಅವ್ವ ಖಾಲಿ ಚೀಲ ಹಿಡಿದು ಬಂದಳು. ನಾನೇ ಹೋಗಿ ರೇಷನ್ ಅಂಗಡಿಯವನನ್ನು ಕೇಳಿದೆ.

"ನೀವು ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ತುಂಬೀರಿ ಅಂತ ಬಂದೈತ್ರಿ ಅಕ್ಕಾರ. ಇನ್ನ ನಿಮ್ಮನ್ನ ಬಡವರು ಅನ್ನೂದಿಲ್ಲ."

ಒಂದು ರೂಪಾಯಿ ತೆರಿಗೆಯೂ ಬೀಳದ ಗಳಿಕೆ ನನ್ನದು. ಇನ್ನೊಂದು ಮಗ್ಗ ಹಾಕಲು ಸಾಲ ಕೇಳಿದಾಗ ಬ್ಯಾಂಕಿನವರು ರಿಟರ್ನ್ಸ್ ಬೇಕೇ ಬೇಕು ಅಂದರು, ತುಂಬಿಸಿದೆ. ಸಾಲವೂ ಸಿಗಲಿಲ್ಲ.

ಅಕ್ಕಿ ಹೇಗೋ ಕೊಂಡು ತಂದೇನು. ಸೋಮವಾರ ಅಪ್ಪನ ಹೃದಯದ ಆಪರೇಷನ್ ಆ ಕಾರ್ಡಿನ ಮೇಲೆಯೇ ಪುಕ್ಕಟೆ ಆಗಬೇಕಿತ್ತು. ಎಲ್ಲಿ ಹೋಗಲಿ ನಾನು?

ಊಟಕ್ಕೆ ಕೂತಾಗ ಅಪ್ಪ ಕೇಳಿದ, "ವಂದನಾ, ಸೋಮವಾರ ಬಸ್ಸಿಗಿ ಹೋಗೂದೋ, ಗಾಡಿ ಮಾಡ್ತಿಯೋ?"

"ಗಾಡೀನ ಮಾಡ್ತೀನಪಾ," ಅಂದುಬಿಟ್ಟೆ.

ಕಾರ್ಡು ಹೋದ ಸುದ್ದಿಯನ್ನು ಅವ್ವನೂ ನಾನೂ ಅವನಿಗೆ ಇನ್ನೂ ಹೇಳಿಲ್ಲ. ನಾಳೆ ಅಪ್ಪನಿಗೆ ಏನಂತ ಹೇಳಲಿ?